ಎಡಗಿವಿ

ದೋನಾ ಎರ್ಮೆಲಿಂದಾಗೆ ಬಲಗಿವಿ ಕೇಳಿಸುವುದಿಲ್ಲ
ಅಂತ ತಿಳಿಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.
ಅಲ್ಲಿಯ ತನಕ ಆಕೆ ಗರ್ವಿಷ್ಠೆ,
ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು,
ನಮಸ್ಕಾರಕ್ಕೆ ಕತ್ತೂ ತಿರುಗಿಸದ ಕಂಬ.

ಪೋರ್ತೊ ಪಟ್ಟಣದ ಆಸ್ಪತ್ರೆ, ಅದರ ನೆಲಮಾಳಿಗೆ,
ಅಲ್ಲಿ ನಮ್ಮ ಲಾಂಡ್ರಿ. ದಿನಕ್ಕೆ ಎರಡು ಸಾವಿರ ಹಾಸು.
ಹೆತ್ತವರದ್ದು, ಸತ್ತವರದ್ದು,
ಸುಮ್ಮನೆ ರಾತ್ರಿಯಿಡೀ ಬೆವತವರದ್ದು,
ಹಬೆಗೆ ಎಲ್ಲ ಒಂದೇ.

ಒಂದು ಗುರುವಾರ ತುಂಬಿದ ಗಾಡಿ ಇಳಿಜಾರಿನಲ್ಲಿ ಜಾರಿ
ಆಕೆಯ ಬಲಗಡೆಯಿಂದ ಬಂತು.
ಮೂರು ಸಲ ಕೂಗಿದೆ. ಕದಲಲಿಲ್ಲ.
ತೋಳು ಹಿಡಿದು ಎಳೆದೆ.
ಗಾಡಿ ಗೋಡೆಗೆ ಬಡಿಯಿತು,
ಆಕೆ ನನ್ನನ್ನು ನೋಡಿದಳು,
ನಾನು ನೆಲ ನೋಡಿದೆ.

ಮೂವತ್ತು ವರ್ಷ ಇಸ್ತ್ರಿಯ ಉರುಳೆಯ ಪಕ್ಕ ನಿಂತು
ಆ ಕಿವಿಯನ್ನು ಅದಕ್ಕೇ ಕೊಟ್ಟುಬಿಟ್ಟಿದ್ದಾಳೆ.
ಯಾರಿಗೂ ಹೇಳಿಲ್ಲ. ಹೇಳಿದರೆ ಮೇಲಿನವರು
ಮೇಲ್ವಿಚಾರಕಿಯ ನೀಲಿ ಅಂಗಿ ಬಿಚ್ಚಿಸಿಯಾರು.
ಆಕೆಗೂ ಮೇಲಿನವರಿದ್ದಾರೆ ಎಂಬುದು
ನನಗೆ ಹೊಳೆದದ್ದು ಅವತ್ತೇ.

ಮರುದಿನ ಹೋಗಿ ಎಡಕ್ಕೆ ನಿಂತೆ. ಅಷ್ಟೇ.
ಬೆಣ್ಣೆ ಹಚ್ಚಲಿಲ್ಲ, ಹಬ್ಬಕ್ಕೆ ಸಿಹಿ ಒಯ್ಯಲಿಲ್ಲ.
'ಏನೇ ಝುಲ್ಮೀರಾ, ದಣಿಯ ಬಲಗೈ ಬಂಟಳಾದೆಯಾ?'
ಕುಸ್ತೋದಿಯಾ ಎಲ್ಲರೆದುರು ಕಿಚಾಯಿಸಿದಳು.
ಅಲ್ಲ ಕಣೇ, ಎಡಗಿವಿ ಬಂಟಳು,
ಅಂದುಕೊಂಡೆ, ಅನ್ನಲಿಲ್ಲ.

ಆಮೇಲೆ ಒಂದೊಂದೇ ತಿಳಿಯಿತು.
ಏಳೂಕಾಲಿಗೆ ಮೂರನೇ ಮಹಡಿಯಿಂದ ಫೋನು ಬರುತ್ತದೆ,
ಕೆಟ್ಟ ಸುದ್ದಿ ಏನಿದ್ದರೂ
ಏಳೂ ಹತ್ತರ ಒಳಗೆ ಆಕೆಯ ಬಳಿ ಇರಬೇಕು.
ನಾಲ್ಕನೇ ಯಂತ್ರ ನಿಂತಿದೆ ಎಂದರೆ ಕೂಗಾಡುತ್ತಾಳೆ,
ಸರಿಯಾಗಿ ನಾಲ್ಕು ನಿಮಿಷ.
ಅದು ಯಂತ್ರಕ್ಕೆ, ನನಗಲ್ಲ
(ಇದು ತಿಳಿಯಲು ಇನ್ನೊಂದು ಚಳಿಗಾಲ ಬೇಕಾಯಿತು).
ಐದನೇ ನಿಮಿಷಕ್ಕೆ ಮೊದಲೆಲ್ಲ
'ಈಗ ಏನು ಮಾಡುತ್ತೀಯ?' ಎನ್ನುತ್ತಿದ್ದಳು.
ಯಾವತ್ತಿನಿಂದಲೋ, ನೆನಪಿಲ್ಲ,
'ಏನು ಮಾಡೋಣ?' ಎನ್ನತೊಡಗಿದಳು.

ಹಾಗಂತ ಹಾಲು ಸಕ್ಕರೆ ಏನಲ್ಲ.
ಸಾಂತ್ ಜುವಾಂವ್ ಹಬ್ಬದ ರಾತ್ರಿ, ಊರೆಲ್ಲ ಬೀದಿಯಲ್ಲಿರುವಾಗ,
ಸತತ ಮೂರು ವರ್ಷ ನನಗೇ ಪಾಳಿ.
ನಂಬಿಕಸ್ಥರ ಬೆನ್ನ ಮೇಲೇ ಅಲ್ಲವೇ ಮೂಟೆ.
ನಾಲ್ಕನೇ ವರ್ಷ ತಿಂಗಳು ಮುಂಚೆ ಹೋಗಿ
ಎಡಗಿವಿಗೆ ನೇರ ಹೇಳಿದೆ: ಆಗುವುದಿಲ್ಲ.
ಬದಲಿಗೆ ಬರುವವರ ಹೆಸರು ಚೀಟಿಯಲ್ಲಿ ಕೊಟ್ಟೆ.
ಎರಡು ದಿನ ಮಾತಿಲ್ಲ.
ಮೂರನೇ ದಿನ ಗೋಡೆಯ ಪಟ್ಟಿಯಲ್ಲಿ
ನನ್ನ ಹೆಸರಿನ ಮೇಲೆ ಗೆರೆ,
ಪೆನ್ಸಿಲ್ಲಿನಿಂದ, ತುಸು ಒತ್ತಿಯೇ ಎಳೆದದ್ದು.

ನನ್ನದೇ ತಪ್ಪಿನಿಂದ ಇನ್ನೂರು ಹಾಸು
ತಿಳಿನೀಲಿಗೆ ತಿರುಗಿದ ವಾರ
ಮೇಲೆ ಹೋಗಿ 'ನನ್ನದು' ಅಂದಳಂತೆ.
ನನಗೆ ಹೇಳಲಿಲ್ಲ. ಕುಸ್ತೋದಿಯಾ ಹೇಳಿದಳು.
ನಾನೂ ಕೇಳಲಿಲ್ಲ.
ಆಕೆಯ ಮನೆ ಯಾವ ಬೀದಿಯಲ್ಲೋ ಇವತ್ತಿಗೂ ಗೊತ್ತಿಲ್ಲ,
ಒಂದೇ ಕಟ್ಟೆಗೆ ಒರಗಿ ಕಾಫಿ ಕುಡಿಯುತ್ತೇವೆ,
ಅವರವರ ಚಿಲ್ಲರೆ ಅವರವರದ್ದು.

ಈಗ ಕೇಪ್ ವರ್ಡಿನಿಂದ ಹೊಸ ಹುಡುಗಿ ಬಂದಿದ್ದಾಳೆ, ನೆಲ್ಮಾ.
ಮೊದಲ ವಾರವೇ ಕಣ್ಣು ಕೆಂಪು:
'ಎಷ್ಟು ಗರ್ವ ಆಕೆಗೆ! ನಾನು ಮನುಷ್ಯಳೇ ಅಲ್ಲವೇನೋ ಅನ್ನುವ ಹಾಗೆ.'
ಬಾಯಿ ತುದಿಗೆ ಬಂದದ್ದನ್ನು ನುಂಗಿದೆ.
ಆ ಗುಟ್ಟು ನನ್ನದಲ್ಲ.

ಅವಳ ಮಡಿಸುವ ಮೇಜನ್ನು ಹಿಡಿದೆಳೆದು
ಎಡಬದಿಗೆ ಹಾಕಿದೆ.
'ಇಲ್ಲಿ ಬೆಳಕು ಚೆನ್ನಾಗಿದೆ' ಎಂದೆ.
ನೆಲಮಾಳಿಗೆಯಲ್ಲಿ
ಎಲ್ಲಿಯ ಬೆಳಕು.